ಬಲಗಣ್ಣಿನ ಬಣ್ಣ

ಪ್ರಿಂಟರಿನಿಂದ ಹೊರಬಂದ ಕ್ಯಾನ್ವಾಸಿನ ಮುಂದೆ ಅವರು ನಿಲ್ಲುತ್ತಿದ್ದ ಭಂಗಿ ನೋಡಿದರೆ ಯಾರಿಗಾದರೂ ಒಂದು ಹೆಜ್ಜೆ ಪಕ್ಕಕ್ಕೆ ಸರಿಯೋಣ ಅನ್ನಿಸುತ್ತಿತ್ತು. ಎಡಗಣ್ಣನ್ನು ಬಿಗಿಯಾಗಿ ಮುಚ್ಚಿ, ಗದ್ದವನ್ನು ಎದೆಗೆ ಒತ್ತಿ, ಬಲಗಣ್ಣಿನಿಂದ ಚಿತ್ರದೊಳಗಿನ ಹಣೆಗೆ ನೇರ ಗುರಿಯಿಟ್ಟು, ಉಸಿರು ಬಿಗಿಹಿಡಿದು ನಿಲ್ಲುವರು. ಕೈಯಲ್ಲಿ ಬಂದೂಕೊಂದು ಕಡಿಮೆ, ಅಷ್ಟೆ. ಹೀಗಾಗಿ ಅವರ ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡು, ಮಿಕ್ಕ ಕಡೆಯೆಲ್ಲ ಅವರು ಗುರಿಕಾರರೆಂದೇ ಆಗಿಹೋಗಿದ್ದರು. ಮನೆಗೆ ತಂದ ಟೊಮೇಟೊ ಹಣ್ಣಿಗೂ ಅವರು ಹಾಗೇ ಗುರಿಯಿಡುತ್ತಿದ್ದರು. ಒಗೆದು ಮಡಿಸಿಟ್ಟ ಬಿಳಿ ಅಂಗಿಗೂ ಅಷ್ಟೆ. "ಇದು ಬಿಳೀನಾ? ಹಳದಿ ಹತ್ಕೊಂಡಿದೆ" ಎಂದು ಅವರು ಅಂದದ್ದಕ್ಕೆ ಹೆಂಡತಿ ಒಂದು ವರ್ಷದಲ್ಲಿ ಮೂರು ಸಲ ಸೋಪು ಬದಲಾಯಿಸಿದ್ದಳು.

ಅಂಗಡಿ ಇದ್ದದ್ದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಜನ ತಮ್ಮ ಮಗುವಿನ ಫೋಟೊ, ಮದುವೆಯ ಫೋಟೊ, ತೀರಿಕೊಂಡ ಹಿರಿಯರ ಫೋಟೊ ತರುವರು. ಚಿತ್ರಕಾರರು ತಾವು ಬರೆದ ಚಿತ್ರಕ್ಕೆ ಪ್ರತಿ ಬೇಕೆಂದು ಬರುವರು. ಅದನ್ನು ಕ್ಯಾನ್ವಾಸ್ ಬಟ್ಟೆಯ ಮೇಲೆ ಮುದ್ರಿಸಿ, ವಾರ್ನಿಶ್ ಹೊಡೆದು, ಮರದ ಚೌಕಟ್ಟಿಗೆ ಎಳೆದು ಬಿಗಿದು ಕೊಡುವುದು ಕಸುಬು. ಅಲ್ಲಿ ಇದ್ದವರು ಮೂರೇ ಜನ. ಯಜಮಾನಿ, ಅಂದರೆ ಎಲ್ಲರ ಬಾಯಲ್ಲಿ ಮೇಡಂ. ಚೌಕಟ್ಟು ಬಿಗಿಯುವವನೊಬ್ಬ, ನಲವತ್ತು ದಾಟಿದ ಕುಚೋದ್ಯದ ಆಸಾಮಿ. ಮತ್ತೆ ಗುರಿಕಾರರು. ಗುರಿಕಾರರ ಕೈಯಲ್ಲಿದ್ದದ್ದು ದೊಡ್ಡ ಪ್ರಿಂಟರ್ ಮತ್ತು ಅದರ ಮೀಡಿಯಾ ಸೆಟ್ಟಿಂಗ್.

ಯಂತ್ರಕ್ಕೆ ಬಟ್ಟೆಯ ಸುರುಳಿ ಏರಿಸಿದ ಮಾತ್ರಕ್ಕೆ ಅದಕ್ಕೆ ಎಲ್ಲ ಗೊತ್ತಾಗುವುದಿಲ್ಲ. ಇದು ನುಣುಪು ಕಾಗದವೋ, ಒರಟು ಬಟ್ಟೆಯೋ ಎಂದು ನಾವೇ ಪಟ್ಟಿಯಲ್ಲಿ ಆರಿಸಿ ಹೇಳಬೇಕು. ದಪ್ಪ ಬಟ್ಟೆ ಹಾಕಿ ಕಾಗದ ಎಂದು ಹೇಳಿದಿರೋ, ಅದರ ಶಾಯಿ ಉಗುಳುವ ತಲೆ ತೀರಾ ತಗ್ಗಿನಲ್ಲಿ ಓಡಾಡಿ ಬಟ್ಟೆಗೆ ಉಜ್ಜಿ, ಮದುಮಗಳ ಮೂಗಿನ ಮೇಲೆ ಕರಿ ಗೀರು ಎಳೆದುಬಿಡುತ್ತದೆ. ಮಿರುಗುವ ಕಾಗದದ ಕಪ್ಪು ಶಾಯಿಯನ್ನು ಮಂಕು ಬಟ್ಟೆಗೆ ಸುರಿದರೆ ಕಪ್ಪು ಕೂದಲೆಲ್ಲ ಬೂದಿ. ಇಷ್ಟನ್ನೂ ಗುರಿಕಾರರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವರು. ತಲೆಯ ಎತ್ತರ, ಕಪ್ಪಿನ ಜಾತಿ, ಒಣಗಲು ಬಿಡಬೇಕಾದ ಹೊತ್ತು, ಯಾವುದರಲ್ಲೂ ಅವರು ತಪ್ಪಿದವರಲ್ಲ.

ಬಣ್ಣದ ವಿಷಯಕ್ಕೆ ಬಂದಾಗ ಮಾತ್ರ ಅವರದು ಬೇರೆಯೇ ರಾಜ್ಯಭಾರ. ಪ್ರತಿ ಕ್ಯಾನ್ವಾಸಿನ ಜೊತೆ ಅದನ್ನು ತಯಾರಿಸಿದ ಕಂಪನಿಯವರು ಒಂದು ಫೈಲು ಕೊಡುತ್ತಾರೆ. ಈ ಬಟ್ಟೆಗೆ ಯಾವ ಬಣ್ಣ ಎಷ್ಟು ಬೀಳಬೇಕು ಎಂದು ಉಪಕರಣ ಹಿಡಿದು ಅಳೆದು ಮಾಡಿದ ಲೆಕ್ಕ ಅದು. ಗುರಿಕಾರರು ಅದನ್ನು ಮುಟ್ಟುತ್ತಿರಲಿಲ್ಲ. "ಅವರು ಅಳೆದಿದ್ದು ಅವರ ಊರಿನ ಬೆಳಕಲ್ಲಿ. ನಮ್ಮ ಜನದ ಮುಖ ಅವರೇನು ಕಂಡಿದಾರೆ?" ಎನ್ನುವರು. ಅದರ ಬದಲು ನೀಲಿ ರಟ್ಟಿನ ನೋಟ್‌ಬುಕ್ ಒಂದಿತ್ತು. ತುಂಡು ಬಟ್ಟೆಯ ಮೇಲೆ ಒಂದು ಮುಖ ಮುದ್ರಿಸಿ, ಗುರಿಯಿಟ್ಟು ನೋಡಿ, ಕೆಂಪು ಒಂದು ಹೆಚ್ಚು, ಹಳದಿ ಎರಡು ಕಡಿಮೆ ಎಂದು ತಾವೇ ತಿದ್ದಿ ಅದರಲ್ಲಿ ಬರೆದಿಡುವರು. ಹನ್ನೊಂದು ವರ್ಷದಿಂದ ಅಂಗಡಿ ನಡೆದದ್ದು ಆ ನೋಟ್‌ಬುಕ್ಕಿನ ಮೇಲೆ.

ಈ ಪಾಠ ಅವರಿಗೆ ಸಿಕ್ಕಿದ್ದು ಯಾವ ತರಗತಿಯಲ್ಲೂ ಅಲ್ಲ, ಭಾವನ ಬೇಕರಿಯಲ್ಲಿ. ಓದು ಹತ್ತದೆ ಅಕ್ಕನ ಮನೆಯಲ್ಲಿ ನಾಲ್ಕು ವರ್ಷ ಇದ್ದಾಗ, ಭಾವ ಒಲೆಯ ಬಾಗಿಲಿನ ಸಣ್ಣ ಕಿಂಡಿಗೆ ಒಂದು ಕಣ್ಣಿಟ್ಟು, ಇನ್ನೊಂದನ್ನು ಮುಚ್ಚಿ ಬ್ರೆಡ್ ನೋಡುತ್ತಿದ್ದುದನ್ನು ದಿನಾ ಕಂಡಿದ್ದರು. "ಗಡಿಯಾರ ನೋಡಿ ಬ್ರೆಡ್ ತೆಗೆಯೋನು ಗಡಿಯಾರ ರಿಪೇರಿ ಮಾಡ್ಲಿ. ಬೇಕರಿಯೋನು ಬಣ್ಣ ನೋಡಿ ತೆಗೀಬೇಕು" ಎನ್ನುತ್ತಿದ್ದರು ಭಾವ. ಮೂವತ್ತು ವರ್ಷ ಒಲೆಯ ಮುಂದೆ ನಿಂತು ಅವರ ಮುಖವೂ ಬ್ರೆಡ್ಡಿನ ಮೇಲ್ಪದರದಂತೆ ಹದವಾಗಿ ಬೆಂದು, ಕೆಂಪು ಮಿಶ್ರಿತ ಕಂದಾಗಿತ್ತು. ಗುರಿಕಾರರು ಬೇಕರಿ ಬಿಟ್ಟರೂ ಆ ಕಿಂಡಿಯನ್ನು ಬಿಡಲಿಲ್ಲ.

ಭಾವ ತೀರಿಕೊಂಡು ಆರು ತಿಂಗಳಾಗಿತ್ತು. ಶ್ವಾಸಕೋಶ ಕೈಕೊಟ್ಟು ಎಂಟು ದಿನ ಆಸ್ಪತ್ರೆಯಲ್ಲಿದ್ದರು. ಎಂಟು ದಿನವೂ ಅಕ್ಕ ಮಂಚದ ಪಕ್ಕದ ಕಬ್ಬಿಣದ ಸ್ಟೂಲಿನಿಂದ ಎದ್ದಿರಲಿಲ್ಲ. ಗುರಿಕಾರರು ಎರಡು ಸಲ ಹೋಗಿ, ಬಾಗಿಲಲ್ಲಿ ನಿಂತು, ಕೆಲಸವಿದೆ ಎಂದು ವಾಪಸ್ಸು ಬಂದಿದ್ದರು. ಕೆಲಸವೇನೂ ಇರಲಿಲ್ಲ. ನೋಡಲಾಗಲಿಲ್ಲ, ಅಷ್ಟೆ.

ಒಂದು ಬೆಳಿಗ್ಗೆ ಅಕ್ಕ ಮಹಡಿ ಮೆಟ್ಟಿಲು ಹತ್ತಿ ಬಂದಳು. ಕೈಚೀಲದಿಂದ ಹಳೆಯ ಫೋಟೊ ತೆಗೆದು ಮೇಜಿನ ಮೇಲಿಟ್ಟಳು. ಬೇಕರಿಯ ಬಾಗಿಲಲ್ಲಿ ಹಿಟ್ಟು ಮೆತ್ತಿದ ಕೈ ಎತ್ತಿ ಭಾವ ನಗುತ್ತಿದ್ದರು.

"ದೊಡ್ಡದು ಮಾಡ್ಕೊಡೋ. ನಾನು ಕೂರೋ ಕುರ್ಚಿ ಎದುರಿಗೆ ಹಾಕ್ಕೋತೀನಿ. ಮನೇಲಿ ಮಾತಾಡೋಕೆ ಯಾರೂ ಇಲ್ಲ."

"ಎದ್ದು ಬಂದು ನಿನ್ನ ಹತ್ರ ಜಗಳ ಆಡಬೇಕು, ಹಾಗೆ ಮಾಡಿಕೊಡ್ತೀನಿ ಅಕ್ಕಾ."

"ಜಗಳ ಬೇಡ ಮಾರಾಯ, ಮುಖ ಸರಿಯಾಗಿ ಬಂದ್ರೆ ಸಾಕು" ಎಂದಳು ಅಕ್ಕ. ಆಮೇಲೆ, "ಕಣ್ಣು ಮುಚ್ಚಿದ್ರೆ ಆಸ್ಪತ್ರೆ ಮುಖಾನೇ ಬರ್ತಿದೆ ಕಣೋ. ಮುಂಚಿನದು ಮರೆತೇ ಹೋಗ್ತಿದೆ" ಎಂದಳು.

ಆ ಮಾತು ಗುರಿಕಾರರ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಆಸ್ಪತ್ರೆಯ ಬಾಗಿಲಲ್ಲಿ ತಾವು ಉಳಿಸಿ ಬಂದ ಕೆಲಸವನ್ನು ಈಗ ಮಾಡಿ ಮುಗಿಸಬೇಕು ಅನ್ನಿಸಿತು. ಭಾವನ ಮುಖವನ್ನು ಅಕ್ಕನಿಗೆ ಹಿಂದಕ್ಕೆ ಕೊಡಿಸುವುದು ತಮ್ಮಿಂದ ಮಾತ್ರ ಸಾಧ್ಯವೆಂದು ಅವರಿಗೆ ಸಂಶಯವೇ ಇರಲಿಲ್ಲ.

ಅಂಗಡಿಯಲ್ಲಿ ಆಗಲೇ ಸಣ್ಣದಾಗಿ ಗುಸುಗುಸು ಶುರುವಾಗಿತ್ತು ಎಂಬುದನ್ನೂ ಹೇಳಬೇಕು. ನಾಲ್ಕು ತಿಂಗಳಲ್ಲಿ ಐದು ಚಿತ್ರ ವಾಪಸ್ಸು ಬಂದಿದ್ದವು. ಒಂದು ಮಗುವಿನ ಚಿತ್ರ ಬಿಗಿದು ಮುಗಿಸಿ ತಿರುಗಿಸಿದ ಚೌಕಟ್ಟಿನವನು, "ಗುರಿಕಾರ್ರೇ, ಈ ಮಗೂಗೆ ಯಾರಾದ್ರೂ ಸ್ವೆಟರ್ ಹಾಕ್ರಪ್ಪ. ಚಳಿಗೆ ತುಟಿ ನೀಲಿಯಾಗಿದೆ" ಎಂದಿದ್ದ.

"ನೀನು ಬಟ್ಟೆ ಬೆನ್ನು ನೋಡೋನು. ಮುಖದ ವಿಚಾರ ನನಗೆ ಬಿಡು."

"ಬೆನ್ನು ಬೆಳ್ಳಗೇ ಇತ್ತು ನೋಡಿ, ಅದಕ್ಕೇ ಮುಖ ನೋಡಿ ಗಾಬರಿಯಾಯ್ತು."

ಮೇಡಂ ಮೆತ್ತಗೆ, ಕಂಪನಿಯ ಫೈಲನ್ನೇ ಒಂದು ಸಲ ಹಾಕಿ ನೋಡಬಾರದೇ ಎಂದಿದ್ದರು. ಗುರಿಕಾರರಿಗೆ ಮೂಗಿನ ತುದಿಗೆ ಸಿಟ್ಟು ಬಂದಿತ್ತು. "ಕ್ಯಾನ್ವಾಸೇ ಸರಿಯಿಲ್ಲ ಮೇಡಂ. ಈ ಸಲ ಬಂದ ಸುರುಳಿಗಳೆಲ್ಲ ಹಳದಿ ಹೊಡೀತಿವೆ. ನಾನು ತಿದ್ದಿ ತಿದ್ದಿ ಇಷ್ಟಾದ್ರೂ ತಂದಿದೀನಿ" ಎಂದಿದ್ದರು. ಮೇಡಂ ನಂಬಿದರು. ಹನ್ನೊಂದು ವರ್ಷ ನಂಬಿದ್ದರು, ಇದೊಂದು ಸಲ ಯಾಕೆ ಬಿಡುತ್ತಾರೆ?

ಭಾವನ ಚಿತ್ರಕ್ಕೆ ಗುರಿಕಾರರು ಮೂರು ದಿನ ಬೆವರು ಹರಿಸಿದರು. ಏಳು ತುಂಡುಗಳ ಮೇಲೆ ಏಳು ಮುಖ. ಪ್ರತಿ ಸಲವೂ ಬಲಗಣ್ಣಿಗೆ ಭಾವ ಕಾಮಾಲೆ ಹಿಡಿದವರಂತೆ ಕಾಣುವರು. ಹಳದಿ ಎರಡು ಇಳಿಸಿದರು, ಮತ್ತೆ ಎರಡು ಇಳಿಸಿದರು. ಏಳನೆಯದರಲ್ಲಿ ಭಾವ ಒಲೆಯ ಮುಂದಿನಿಂದ ಈಗ ತಾನೇ ಎದ್ದು ಬಂದವರಂತೆ ಕೆಂಪಗೆ, ಬಿಸಿಯಾಗಿ ನಕ್ಕರು. ಗುರಿಕಾರರ ಕಣ್ಣು ಒದ್ದೆಯಾಯಿತು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ಹಳದಿ ಹದಿನಾಲ್ಕು ಕಡಿಮೆ.

ತಾವೇ ಹೊತ್ತು ಅಕ್ಕನ ಮನೆಗೆ ಹೋಗಿ, ಕುರ್ಚಿಯ ಎದುರು ಮೊಳೆ ಹೊಡೆದು ನೇತುಹಾಕಿದರು. ಅಕ್ಕ ತುಂಬ ಹೊತ್ತು ನೋಡಿದಳು.

"ಚೆನ್ನಾಗಿದೆ ಕಣೋ" ಎಂದಳು. "ಕಷ್ಟಪಟ್ಟಿದೀಯ. ಕೂತ್ಕೋ, ನೀರು ತರ್ತೀನಿ" ಎಂದು ಒಳಗೆ ಹೋದವಳು ಒಂದು ಲೋಟ ನೀರು ತರಲು ಹತ್ತು ನಿಮಿಷ ತೆಗೆದುಕೊಂಡಳು.

ವಾರದ ನಂತರ ಹೋದಾಗ ಮೊಳೆ ಇತ್ತು, ಭಾವ ಇರಲಿಲ್ಲ. ಬೀರುವಿನ ಸಂದಿಯಲ್ಲಿ ಚೌಕಟ್ಟು ಗೋಡೆಗೆ ಮುಖ ಮಾಡಿ ನಿಂತಿತ್ತು, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹಾಗೆ.

"ಇದೇನಕ್ಕಾ?"

"ಬಿದ್ದುಬಿಡುತ್ತೆ ಅಂತ ತೆಗೆದಿಟ್ಟೆ."

"ನಾನು ಹೊಡೆದ ಮೊಳೆಗೆ ನೀನೇ ನೇತಾಡಿದ್ರೂ ಬೀಳಲ್ಲ. ನಿಜ ಹೇಳು."

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಬೈಬೇಡ ಕಣೋ. ಅದು ಆಸ್ಪತ್ರೆ ಬಣ್ಣ. ಎಂಟು ದಿನ ನಾನು ಆ ತುಟಿ ನೀಲಿಯಾಗ್ತಾ ಬಂದಿದ್ದನ್ನ ನೋಡ್ಕೊಂಡು ಕೂತಿದ್ದೆ. ನೀನು ಅದನ್ನೇ ದೊಡ್ಡದು ಮಾಡಿ ಎದುರಿಗೆ ಹಾಕಿದ್ರೆ ನಾನು ಎಲ್ಲಿಗೆ ಹೋಗ್ಲಿ?"

ಗುರಿಕಾರರಿಗೆ ಕಪಾಳಕ್ಕೆ ಹೊಡೆದಂತಾಯಿತು. ಹೊಡೆಸಿಕೊಂಡವರು ಮೊದಲು ಮಾಡುವ ಕೆಲಸವನ್ನೇ ಅವರೂ ಮಾಡಿದರು. ಕೂಗಾಡಿದರು. ನಿನ್ನ ಮನೆಯ ಟ್ಯೂಬ್‌ಲೈಟೇ ದರಿದ್ರ, ಗೋಡೆಗೆ ಹೊಡೆದ ಸುಣ್ಣವೇ ನೀಲಿ, ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವನಿಗೆ ನೀನು ಬಣ್ಣ ಹೇಳಿಕೊಡುತ್ತೀಯಾ ಎಂದರು. ಅಕ್ಕ ಚೌಕಟ್ಟನ್ನು ಎತ್ತಿಕೊಂಡು ಬಾಲ್ಕನಿಗೆ ಹೋಗಿ, ಹಗಲು ಬೆಳಕಿಗೆ ಹಿಡಿದು ನಿಂತಳು.

"ಈಗ ನೋಡು."

ಗುರಿಕಾರರು ಎಡಗಣ್ಣು ಮುಚ್ಚಿ ಗುರಿಯಿಟ್ಟರು. ಭಾವ ಕೆಂಪಗೆ, ಬಿಸಿಯಾಗಿ ನಗುತ್ತಿದ್ದರು. "ಸರಿಯಾಗೇ ಇದೆಯಲ್ಲ! ಇದಕ್ಕಿಂತ ಹೇಗೆ ತರ್ತಾರೆ?"

"ಇನ್ನೊಂದು ಕಣ್ಣಲ್ಲಿ ನೋಡು."

"ನಾನು ಯಾವಾಗ್ಲೂ ಹೀಗೇ ನೋಡೋದು. ಭಾವ ಕಲಿಸಿದ್ದು."

"ನಿಮ್ಮ ಭಾವ ಒಂದು ಕಣ್ಣು ಬಿಸಿಗೆ ಉರಿಯೋಕೆ ಶುರುವಾದ್ರೆ ಇನ್ನೊಂದನ್ನ ಇಡೋರು. ಅದರಲ್ಲಿ ಒಂದು ಸಲ, ಇದರಲ್ಲಿ ಒಂದು ಸಲ. ನೀನು ಅರ್ಧ ಪಾಠ ಕಲ್ತು ಓಡಿಹೋಗಿದೀಯ" ಎಂದು ಅಕ್ಕ ಚೌಕಟ್ಟನ್ನು ಕಟ್ಟೆಗೆ ಒರಗಿಸಿ, ಚಿಕ್ಕವನಿದ್ದಾಗ ಮೂಗು ಒರೆಸುತ್ತಿದ್ದಷ್ಟೇ ಸಲಿಗೆಯಿಂದ ಅವರ ಬಲಗಣ್ಣಿನ ಮೇಲೆ ಅಂಗೈ ಇಟ್ಟಳು.

ಎಡಗಣ್ಣು ತೆರೆಯಿತು. ಕಟ್ಟೆಗೆ ಒರಗಿದ್ದವರು ಬೇಕರಿಯವರಾಗಿರಲಿಲ್ಲ. ಸೀಸದಂಥ ಹಣೆ, ನೇರಳೆ ತುಟಿ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ನೋಡಲಾಗದೆ ತಿರುಗಿ ಬಂದಿದ್ದ ಮುಖವೇ ಅದು. ಅಕ್ಕನ ಕೈ ತೆಗೆಸಿ ಬಲಗಣ್ಣಲ್ಲಿ ನೋಡಿದರು, ಭಾವ ಬದುಕಿದರು. ಎಡಗಣ್ಣಲ್ಲಿ ನೋಡಿದರು, ತೀರಿಕೊಂಡರು. ನಾಲ್ಕೈದು ಸಲ ಹೀಗೆ ಮಾಡಿ, ಆಮೇಲೆ ತಮ್ಮ ಬಿಳಿ ಅಂಗಿಯ ತೋಳು ಎತ್ತಿ ನೋಡಿಕೊಂಡರು. ಒಂದು ಕಣ್ಣಿಗೆ ಹಳದಿ, ಇನ್ನೊಂದಕ್ಕೆ ಹಾಲಿನಂತೆ ಬಿಳಿ. ಪಾಪ, ಸೋಪಿನ ತಪ್ಪೇನೂ ಇರಲಿಲ್ಲ.

"ಪೊರೆ ಬಂದಿದೆ, ಬಲಗಣ್ಣಲ್ಲಿ" ಎಂದರು ಮರುದಿನ ಕಣ್ಣಿನ ಡಾಕ್ಟರು. "ಎರಡು ಮೂರು ವರ್ಷದಿಂದ ಬೆಳೆದಿರಬೇಕು. ಹಳದಿ ಗಾಜು ಇಟ್ಟು ನೋಡಿದ ಹಾಗೆ ಕಾಣುತ್ತೆ. ಎಡಗಣ್ಣು ಚೆನ್ನಾಗಿರೋದ್ರಿಂದ ನಿಮಗೆ ಗೊತ್ತಾಗಿಲ್ಲ. ಎರಡೂ ಕಣ್ಣು ಬಿಟ್ಟು ನೋಡೋರಿಗೆ ಇದರಿಂದ ಅಂಥ ತೊಂದರೆ ಏನಿಲ್ಲ ಬಿಡಿ." ಆಪರೇಷನ್‌ಗೆ ಮೂರು ವಾರದ ನಂತರದ ದಿನ ಬರೆದುಕೊಟ್ಟರು.

ಅಂಗಡಿಗೆ ಬಂದು ಗುರಿಕಾರರು ನೋಟ್‌ಬುಕ್ ತೆರೆದರು. ಮೊದಲ ಎಂಟು ವರ್ಷ ಹಳದಿ ಒಂದು ಹೆಚ್ಚು, ಒಂದು ಕಡಿಮೆ, ಸೊನ್ನೆ. ಆಮೇಲೆ ಮೂರು ಕಡಿಮೆ. ಐದು. ಎಂಟು. ಹನ್ನೊಂದು. ಹದಿನಾಲ್ಕು. ತಮ್ಮದೇ ದುಂಡು ಅಕ್ಷರದಲ್ಲಿ ತಮ್ಮ ಕಣ್ಣು ಮೆಟ್ಟಿಲಿಳಿದು ಹೋದ ದಾರಿ. ಪ್ರತಿ ಮೆಟ್ಟಿಲ ಮೇಲೂ ಯಾರದೋ ಮಗು, ಯಾರದೋ ಮದುವೆ, ಯಾರದೋ ಅಪ್ಪ. ಊರಿನ ಗೋಡೆಗಳ ಮೇಲೆ ಅವರು ಉಸಿರುಗಟ್ಟಿಸಿ ನೇತುಹಾಕಿದ ಜನ ಎಷ್ಟಿದ್ದಾರೋ! ವಾಪಸ್ಸು ಬಂದವು ಐದು. ಸುಮ್ಮನೆ ಗೋಡೆಗೆ ಮುಖ ತಿರುಗಿಸಿ ಇಟ್ಟವರನ್ನು ಎಣಿಸುವುದು ಹೇಗೆ?

ಅವರಿಗೆ ಮೊದಲು ಹೊಳೆದದ್ದು ದೊಡ್ಡ ಮನುಷ್ಯರ ಯೋಚನೆಯೇನಲ್ಲ. ಯಾರಿಗೂ ಹೇಳದೆ, ಮೇಡಂ ಹೊರಗೆ ಹೋದಾಗ ಕಂಪನಿಯ ಫೈಲು ಹಾಕಿ ಭಾವನನ್ನು ಮತ್ತೆ ಮುದ್ರಿಸಿ ಅಕ್ಕನಿಗೆ ಕೊಟ್ಟುಬಿಡೋಣ. ಮೂರು ವಾರ ತಳ್ಳೋಣ. ಆಮೇಲೆ ಕಣ್ಣು ಸರಿಹೋಗುತ್ತದೆ, ನೋಟ್‌ಬುಕ್ ಕಳೆದುಹೋಗುತ್ತದೆ. ಸಂಜೆ ಮೇಡಂ ಹೊರಟ ತಕ್ಷಣ ಪಟ್ಟಿಯಲ್ಲಿ ಕಂಪನಿಯ ಹೆಸರು ಆರಿಸಿದರು. ಬೇರೆಯವರ ಮನೆಯ ಬೀರು ತೆರೆಯುವವರಂತೆ ಒಮ್ಮೆ ಬಾಗಿಲ ಕಡೆ ನೋಡಿ, ಮುದ್ರಿಸಲು ಒತ್ತಿದರು.

ಚಿತ್ರ ಬಂತು. ಬಲಗಣ್ಣಿಗೆ ಕಾಮಾಲೆ. ಎಡಗಣ್ಣಿಗೆ ಪರವಾಗಿಲ್ಲ ಅನ್ನಿಸಿತು, ಆದರೆ ಎಡಗಣ್ಣಿಗೆ ಮುಖ ನೋಡಿ ಅಭ್ಯಾಸವೇ ಇರಲಿಲ್ಲ. ಅದು ಹೊಸದಾಗಿ ಕೆಲಸಕ್ಕೆ ಸೇರಿದವರಂತೆ ಎಲ್ಲದಕ್ಕೂ ಹೂಂ ಹೂಂ ಅನ್ನುತ್ತಿತ್ತು. ಸರಿಯೋ ತಪ್ಪೋ ಹೇಳುವವರು ಬೇಕಿತ್ತು. ಹೇಳಬಲ್ಲವಳು ಅಕ್ಕ ಒಬ್ಬಳೇ. ಅವಳು ಹಗಲು ಬೆಳಕಲ್ಲಿ ನೋಡಿ, ತಪ್ಪಿದ್ದರೆ ಯಂತ್ರದ ಪಕ್ಕದಲ್ಲೇ ತಿದ್ದಿಸಬೇಕಾದರೆ ಅಂಗಡಿಗೇ, ಎಲ್ಲರ ಎದುರಿಗೇ ಬರಬೇಕು. ರಾತ್ರಿ ಫೋನ್ ಮಾಡಿ ಕರೆದರು.

ಬೆಳಿಗ್ಗೆ ಅಕ್ಕ ಮೆಟ್ಟಿಲು ಹತ್ತುವ ಹೊತ್ತಿಗೆ ಮೇಡಂ ಫೋನಿನಲ್ಲಿ ಜಗಳಕ್ಕಿಳಿದಿದ್ದರು. ಆ ಕಡೆ ಇದ್ದವರು ಕ್ಯಾನ್ವಾಸ್ ಒದಗಿಸುವವರು.

"ಎಂಟು ಸುರುಳೀನೂ ವಾಪಸ್ಸು ತಗೊಳ್ಳಿ. ಹಳದಿ ಹೊಡೀತಿದೆ ಅಂದ್ರೆ ಹೊಡೀತಿದೆ. ಏನು? ನಿಮ್ಮ ಉಪಕರಣ ಹೇಳುತ್ತಾ? ಸ್ವಾಮೀ, ನಮ್ಮ ಗುರಿಕಾರರು ಹನ್ನೊಂದು ವರ್ಷದಿಂದ ನೋಡ್ತಿದಾರೆ. ಉಪಕರಣ ಸುಳ್ಳು ಹೇಳಬಹುದು, ಅವರ ಕಣ್ಣು ಹೇಳಲ್ಲ."

ಬೈದಿದ್ದರೆ ಗುರಿಕಾರರು ತಡೆದುಕೊಳ್ಳುತ್ತಿದ್ದರು. ಇದನ್ನು ತಡೆಯಲಾಗಲಿಲ್ಲ.

"ಮೇಡಂ, ಫೋನ್ ಇಡಿ."

"ಒಂದ್ನಿಮಿಷ ಇರ್ರೀ..."

"ಇಡಿ ಮೇಡಂ. ಕ್ಯಾನ್ವಾಸ್ ಚೆನ್ನಾಗಿದೆ. ಹಳದಿ ಹೊಡೀತಿರೋದು ನನ್ನ ಕಣ್ಣು."

ಚೌಕಟ್ಟಿನವನ ಸುತ್ತಿಗೆ ಮೇಲೆತ್ತಿದಲ್ಲೇ ನಿಂತಿತು. ಗುರಿಕಾರರು ನೋಟ್‌ಬುಕ್ ತೆರೆದು, ಮೂರರಿಂದ ಹದಿನಾಲ್ಕರವರೆಗೆ ಒಂದೊಂದಾಗಿ ಬೆರಳಿಟ್ಟು ತೋರಿಸಿದರು. ಮೇಡಂ ಕೂಗಾಡಲಿಲ್ಲ. ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಹಾಳೆಗಳನ್ನು ತಿರುವಿದರು.

"ಮೂರು ವರ್ಷ" ಎಂದರು.

"ಹೌದು."

"ನಾನು ಸ್ಕ್ರೀನ್ ಮಾತ್ರ ನೋಡ್ತಿದ್ದೆ."

"ನಾನು ಬೆನ್ನು ಮಾತ್ರ ನೋಡ್ತಿದ್ದೆ" ಎಂದ ಚೌಕಟ್ಟಿನವನು. ಅವನ ಮಾತಿನಲ್ಲಿ ಮೊದಲ ಸಲ ಕುಚೋದ್ಯ ಇರಲಿಲ್ಲ.

"ಚಿತ್ರ ತಗೊಂಡು ಹೋದವರಿಗೆಲ್ಲ ಫೋನ್ ಮಾಡಬೇಕು ಮೇಡಂ."

"ಮಾಡಿ ಏನು ಹೇಳ್ತೀರಿ? ನಿಮ್ಮ ಮಗು ನೀಲಿ ಇದೆ, ನೀವು ಗಮನಿಸಿದ್ರಾ ಅಂತಾನಾ?" ಮೇಡಂ ಕಿಟಕಿಯ ಕಡೆ ತಿರುಗಿದರು. "ಯೋಚನೆ ಮಾಡ್ತೀನಿ. ಇವತ್ತಿಂದ ಕಂಪನಿ ಫೈಲು. ಬಣ್ಣ ಯಾರೂ ಮುಟ್ಟಬೇಡಿ. ಸ್ಕ್ರೀನ್ ಮುಂದೆ ಇವರು ಕೂರ್ತಾರೆ" ಎಂದು ಚೌಕಟ್ಟಿನವನತ್ತ ಕೈ ತೋರಿಸಿದರು. "ನೀವು ಸುರುಳಿ ಏರಿಸಿ, ತಲೆ ಎತ್ತರ ನೋಡ್ಕೊಳ್ಳಿ. ಕಣ್ಣು ಸರಿಹೋದ ಮೇಲೆ ಮಾತಾಡೋಣ."

ಬಾಗಿಲಲ್ಲೇ ನಿಂತಿದ್ದ ಅಕ್ಕ ಇದನ್ನೆಲ್ಲ ಕೇಳಿಸಿಕೊಂಡು, ಏನೂ ಕೇಳಿಸದವಳಂತೆ ಒಳಗೆ ಬಂದಳು. ಮೇಜಿನ ಮೇಲೆ ಹಾಸಿದ್ದ ಹೊಸ ಚಿತ್ರದ ಮುಂದೆ ನಿಂತಳು. ಎಲ್ಲರೂ ಅವಳ ಮುಖ ನೋಡಿದರು. ಅವಳು ತಲೆಯನ್ನು ಈಚೆ ವಾಲಿಸಿದಳು, ಆಚೆ ವಾಲಿಸಿದಳು.

"ಇವರೇ" ಎಂದಳು. ಆಮೇಲೆ, "ಆದ್ರೆ ಇನ್ನೂ ಎರಡು ನಿಮಿಷ ಒಲೇಲಿರಬೇಕಿತ್ತು."

ಗುರಿಕಾರರು ಮೇಡಂ ಕಡೆ ನೋಡಿದರು. ಮೇಡಂ, "ಇದೊಂದಕ್ಕೆ" ಎಂದರು. ಚೌಕಟ್ಟಿನವನು ಸ್ಕ್ರೀನಿನ ಮುಂದೆ ಕೂತು, ಮೊಳೆ ಹಿಡಿದು ಹಿಡಿದು ಒರಟಾದ ಬೆರಳಿನಿಂದ, ಎಲ್ಲಿ ಒತ್ತಬೇಕು ಎಂದು ಗುರಿಕಾರರನ್ನೇ ಕೇಳಿಕೊಂಡು ಕೆಂಪು ಒಂದು ಏರಿಸಿದ, ಹಳದಿ ಒಂದು ಏರಿಸಿದ. ಯಂತ್ರದ ತಲೆ ಆಚೆ ಈಚೆ ಓಡಾಡಿತು. ಮೊದಲು ಬೇಕರಿಯ ಬಾಗಿಲು ಬಂತು, ಆಮೇಲೆ ಕೂದಲು, ಹಣೆ, ನಗು, ಹಿಟ್ಟಿನ ಕೈ. ಗುರಿಕಾರರು ಗೋಡೆಯ ಕಡೆ ತಿರುಗಿ ನಿಂತಿದ್ದರು.

"ಸಾಕು" ಎಂದಳು ಅಕ್ಕ. "ಈಗ ಹೊರಗೆ ತೆಗೀರಿ."

ವಾರ್ನಿಶ್ ಒಣಗಿ, ಚೌಕಟ್ಟು ಸಿದ್ಧವಾದ ಮೇಲೆ ಗುರಿಕಾರರು ಮತ್ತೆ ಅದೇ ಮೊಳೆಗೆ ಭಾವನನ್ನು ನೇತುಹಾಕಿದರು. ಅಕ್ಕ ಕುರ್ಚಿಯಲ್ಲಿ ಕೂತು, ಅವರು ಇನ್ನೂ ಅಲ್ಲೇ ಇದ್ದಾರೆಂಬುದನ್ನು ಮರೆತು, "ನೋಡಿದ್ರಾ ನಿಮ್ಮ ಭಾಮೈದನ ಅವಾಂತರ" ಎಂದು ಗೋಡೆಗೆ ದೂರು ಹೇಳಲು ಶುರುಮಾಡಿದಳು. ಹಳೆಯದನ್ನು ಏನು ಮಾಡಲಿ ಎಂದು ಕೇಳಿದ್ದಕ್ಕೆ ತಿರುಗಿಯೂ ನೋಡದೆ, "ತಗೊಂಡು ಹೋಗು. ನನ್ನ ಮನೇಲಿ ಬೇಡ" ಎಂದಳು.

ಸುತ್ತಿದ ಪತ್ರಿಕೆಯೊಳಗೆ ಭಾವನನ್ನು ಕಂಕುಳಲ್ಲಿಟ್ಟುಕೊಂಡು ಗುರಿಕಾರರು ಅಂಗಡಿಗೆ ನಡೆದರು. ದಾರಿಯುದ್ದಕ್ಕೂ ತೆರೆದ ಬಾಗಿಲುಗಳೊಳಗೆ ಗೋಡೆಯ ಮೇಲೇನಾದರೂ ಕಂಡರೆ ಎಡಗಣ್ಣಲ್ಲಿ ನೋಡುವರು, ತಲೆ ತಗ್ಗಿಸುವರು. ಅದರಲ್ಲಿ ಅವರದು ಎಷ್ಟು, ಬೇರೆಯವರದು ಎಷ್ಟು ಗೊತ್ತಾಗಲಿಲ್ಲ.

ಪ್ರಿಂಟರಿನ ಮೇಲಿನ ಗೋಡೆಗೆ, ಸೆಟ್ಟಿಂಗ್ ಆರಿಸುವವರ ಕಣ್ಣಿಗೆ ಬೀಳುವಂತೆ, ಅವರು ಅದನ್ನು ನೇತುಹಾಕಿದರು. ಚೌಕಟ್ಟಿನವನು ಬೇಡವೆನ್ನಲಿಲ್ಲ. ಗಿರಾಕಿಗಳು ಯಾರಿದು, ಪಾಪ, ಮೈ ಸರಿಯಿರಲಿಲ್ಲವಾ ಎಂದು ಕೇಳುತ್ತಾರೆ. ಹೌದು, ಕೊನೆಗಾಲದ್ದು ಎನ್ನುತ್ತಾರೆ ಗುರಿಕಾರರು.

ಆಪರೇಷನ್‌ಗೆ ಇನ್ನು ಒಂಬತ್ತು ದಿನ ಇದೆ. ಕಣ್ಣಿಗೆ ಹೊಸ ಲೆನ್ಸ್ ಹಾಕಿದ ಮೇಲೆ ಬಿಳಿ ಬಿಳಿಯಾಗಿಯೇ ಕಾಣುತ್ತದೆ ಎಂದಿದ್ದಾರೆ ಡಾಕ್ಟರು. ಅಲ್ಲಿಯವರೆಗೆ ದಿನಾ ಬೆಳಿಗ್ಗೆ, ಮಿಕ್ಕ ಇಬ್ಬರೂ ಬರುವ ಮುಂಚೆ, ಅವರು ಆ ಚಿತ್ರದ ಮುಂದೆ ನಿಂತು ಎಡಗಣ್ಣು ಮುಚ್ಚುತ್ತಾರೆ. ಭಾವ ಒಲೆಯ ಮುಂದಿನಿಂದ ಎದ್ದು ಬಂದವರಂತೆ ಕೆಂಪಗೆ ನಗುತ್ತಾರೆ. ಅಲ್ಲಿ ಅವರು ಆರೋಗ್ಯವಾಗಿರುವುದು ಲೋಕದಲ್ಲಿ ಆ ಒಂದು ಕಣ್ಣಿಗೆ ಮಾತ್ರ, ಅದೂ ಇನ್ನು ಒಂಬತ್ತು ದಿನ.